ದೇಹದ ಹಕ್ಕು ಮತ್ತು ತಟ್ಟೆಯ ಪಾಲು



ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವ ದನಗಳ ಜಾತ್ರೆ ಹೆಸರಾದುದು. ಎತ್ತು ಕೊಳ್ಳಲು ಬಂದ ರೈತ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಬೆನ್ನು ಸವರುತ್ತಾನೆ. ಮೇವು ಕಡಿಮೆಯಾಗಿದ್ದರೆ ಮೈಯೇ ಹೇಳುತ್ತದೆಂದು ಆತ ಬಲ್ಲ. ದನದ ಮೇವಿನ ಬಗ್ಗೆ ಇಷ್ಟು ಎಚ್ಚರವಿರುವ ನಾವು, ಮನೆಯಲ್ಲಿ ಯಾರು ಏನು ಉಂಡರೆಂದು ವಿಚಾರಿಸುತ್ತೇವೆಯೇ?

ಅಲ್ಲಾಹನು ಈ ಶರೀರವನ್ನು ಅದೆಷ್ಟು ಸೂಕ್ಷ್ಮವಾಗಿ ರಚಿಸಿದ್ದಾನೆಂದು ನೋಡಿ. ವಯಸ್ಕರ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಉಳಿದುದರಲ್ಲಿ ಮುಖ್ಯವಾದವು ನಾಲ್ಕು ಬಗೆಯ ಅಣುಗಳು. ಮುದ್ದೆಯಲ್ಲಿರುವ ಪಿಷ್ಟ ಕರಗಿ ಗ್ಲೂಕೋಸ್ ಆಗುತ್ತದೆ. ಅದು ನಮ್ಮ ಉರುವಲು. ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ, ಪ್ರತಿ ಜೀವಕೋಶದ ಹೊರಪೊರೆಯನ್ನು ಕಟ್ಟುತ್ತದೆ. ನ್ಯೂಕ್ಲಿಯಿಕ್ ಆಮ್ಲಗಳು ದೇಹವನ್ನು ಕಟ್ಟುವ ವಿವರವನ್ನು ತಲೆಮಾರಿನಿಂದ ತಲೆಮಾರಿಗೆ ಒಯ್ಯುತ್ತವೆ. 20 ಅಮೈನೋ ಆಮ್ಲಗಳನ್ನು ಪೋಣಿಸಿ ಮಾಡಿದ ಪ್ರೋಟೀನುಗಳು ಹೆಚ್ಚಿನ ದುಡಿಮೆಯನ್ನು ಮಾಡುತ್ತವೆ. ಚರ್ಮ, ಮೂಳೆಗಳಿಗೆ ಬಲ ಕೊಡುವ ಕೊಲಾಜನ್ ಮೂರೆಳೆಯ ಹಗ್ಗದಂತಿದೆ ಎಂದು 1954ರಲ್ಲಿ ಮದರಾಸಿನಲ್ಲಿ ತೋರಿಸಿದ ಜಿ. ಎನ್. ರಾಮಚಂದ್ರನ್, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ರಕ್ತದ ಹಿಮೋಗ್ಲೋಬಿನ್ ಕೂಡ ಪ್ರೋಟೀನೇ. ಅದರ ಪ್ರತಿ ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿದ್ದು, ಒಂದೊಂದೂ ಉಸಿರಿನ ಆಮ್ಲಜನಕವನ್ನು ಹಿಡಿದು ಒಯ್ಯುತ್ತದೆ. ಕಬ್ಬಿಣ ಸಾಲದಿದ್ದರೆ ಉಸಿರಾಡಿದರೂ ಆಯಾಸ, ತಲೆಸುತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಅರ್ಧದಷ್ಟು ಮಂದಿಗೆ.

ಇದಕ್ಕೆ ಕಾರಣಗಳು ಹಲವು. ಆದರೆ ಒಂದು ಕಾರಣ ನಮ್ಮ ದಸ್ತರಖಾನದ ಮೇಲೆಯೇ ಇದೆ. ಗಂಡಸರು ಉಂಡು, ಗಂಡುಮಕ್ಕಳು ಉಂಡು, ಮಾಂಸದ ತುಂಡುಗಳು ಮುಗಿದ ಮೇಲೆ ತಳದ ಸಾರಿನಲ್ಲಿ ಸೊಸೆ ಊಟ ಮುಗಿಸುತ್ತಾಳೆ. ಅದನ್ನು ನಾವು ಸಹನೆಯೆಂದು ಹೊಗಳುತ್ತೇವೆ! ಸಹೋದರರೇ, ಇನ್ನೊಬ್ಬರ ಹಕ್ಕನ್ನು ಉಂಡು ಅವರ ಸಹನೆಯನ್ನು ಹೊಗಳುವುದು ನ್ಯಾಯವೇ? ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ಆ ಹಕ್ಕು ಅವಳ ದೇಹಕ್ಕೂ ಇದೆ.

ಆದ್ದರಿಂದ ಬಡಿಸುವ ಮೊದಲೇ ಎಲ್ಲರ ಪಾಲನ್ನೂ ತೆಗೆದಿಡಿ. ಸಾಧ್ಯವಾದರೆ ಒಟ್ಟಿಗೆ ಕುಳಿತು ಉಣ್ಣಿ. ಸೊಪ್ಪು, ಹುರುಳಿ, ಕಾಳುಗಳ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಊಟದೊಂದಿಗೆ ಚಹಾ ಬೇಡ. ಸುಸ್ತು ಬಿಡದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ನಮ್ಮ ಕೈಕೆಳಗಿರುವವರ ಬಗ್ಗೆ ನಾಳೆ ನಮ್ಮನ್ನು ಪ್ರಶ್ನಿಸಲಾಗುವುದು. ಆ ಪ್ರಶ್ನೆಗೆ ಉತ್ತರ ಇಂದಿನ ರಾತ್ರಿಯ ಊಟದಲ್ಲೇ ಸಿದ್ಧವಾಗಲಿ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.