ಲಿಂಗ ಹಿಡಿದ ಕೈಯಲ್ಲಿ ಬಡಿಗೆ ಏಕೆ?



ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಭಕ್ತರಲ್ಲಿ ನಾಯಿಯಿಲ್ಲದ ತೋಟದ ಮನೆ ವಿರಳ. ಹೊಲಕ್ಕೂ ಕಣಕ್ಕೂ ಕುರಿದೊಡ್ಡಿಗೂ ಅದೇ ಕಾವಲು. ನಮ್ಮ ಮುಧೋಳದ ಬೇಟೆನಾಯಿಯನ್ನೇ ಮಹಾರಾಷ್ಟ್ರದ ಕಡೆಯವರು ಕಾರವಾನ್ ಎಂದು ಕರೆದು ಸಾಕುತ್ತಾರೆ. ಹೆಸರು ಬೇರೆಯಾದರೂ, ಬಡಿಗೆಯ ರುಚಿ ತೋರಿಸದೆ ನಾಯಿ ಹೇಳಿದ್ದು ಕೇಳುವುದಿಲ್ಲ ಎಂಬ ಮಾತು ಗಡಿಯ ಎರಡೂ ಕಡೆ ಒಂದೇ. ಈ ಮಾತನ್ನು ಧರ್ಮದ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

ಇದು ಹಳ್ಳಿಯ ಮಾತಷ್ಟೇ ಅಲ್ಲ. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬವರು 1910ರಲ್ಲಿ ಬರೆದ ತರಬೇತಿ ಗ್ರಂಥವೂ ಬಲವಂತದ ದಾರಿಯನ್ನೇ ಹಿಡಿದಿತ್ತು. ಕತ್ತು ಬಿಗಿಯುವ ಸರಪಳಿ, ಒಳಮುಖ ಮುಳ್ಳಿನ ಪಟ್ಟಿ, ವಿದ್ಯುತ್ ಆಘಾತದ ಪಟ್ಟಿ ಇವೆಲ್ಲ ಅದೇ ದಾರಿಯ ಸಾಧನಗಳು. ಈಗ ಆ ದೇಶಗಳಲ್ಲಿಯೇ ಇದರ ಬಗ್ಗೆ ವಾದ ಎದ್ದಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತವು 2010ರಲ್ಲಿ ವಿದ್ಯುತ್ ಪಟ್ಟಿಯನ್ನು ನಿಷೇಧಿಸಿತು. 2020ರಲ್ಲಿ ಪ್ರಕಟವಾದ ಪೋರ್ಚುಗಲ್ಲಿನ ಒಂದು ಅಧ್ಯಯನದಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಲಾಯಿತು. ತಿನಿಸು ಕೊಟ್ಟು ಕಲಿಸಿದ ನಾಯಿಗಳಿಗಿಂತ ಶಿಕ್ಷೆಯಿಂದ ಕಲಿಸಿದ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು. ಜೊಲ್ಲಿನ ಪರೀಕ್ಷೆಯೂ ಅದನ್ನೇ ತೋರಿಸಿತು.

ಕಾರಣವನ್ನು ನಾವೂ ತಿಳಿಯಬಹುದು. ಪೆಟ್ಟು ಬಿದ್ದ ಗಳಿಗೆಯಲ್ಲಿ ಎದುರಿಗೆ ಯಾರಿದ್ದಾರೋ ಅವರನ್ನೇ ನಾಯಿ ಆ ನೋವಿಗೆ ಗಂಟು ಹಾಕುತ್ತದೆ. ಬಂದ ಅತಿಥಿಗೆ ಗುರ್ರೆಂದ ನಾಯಿಯನ್ನು ಬಡಿದರೆ, ಅತಿಥಿ ಬಂದರೆ ನೋವು ಎಂದು ಅದು ಕಲಿಯಬಹುದು. ಮುಂದೆ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚಲೂಬಹುದು. ಬಡಿದವನು ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿದನೇ ಹೊರತು ಭಯವನ್ನು ತೆಗೆಯಲಿಲ್ಲ.

ಎದುರು ಪಕ್ಷದವರ ಮಾತಿನಲ್ಲಿಯೂ ಸತ್ಯಾಂಶವಿದೆ. ಕುರಿ ಹಿಡಿಯುವ, ರಸ್ತೆಗೆ ಓಡುವ ನಾಯಿಯನ್ನು ತಕ್ಷಣ ತಡೆಯದಿದ್ದರೆ ಜೀವಹಾನಿಯಾದೀತು. ನ್ಯೂಜಿಲೆಂಡಿನಲ್ಲಿ ಹಾರಲಾರದ ಕಿವಿ ಹಕ್ಕಿಯನ್ನು ಉಳಿಸಲು ಬೇಟೆನಾಯಿಗಳಿಗೆ ವಿದ್ಯುತ್ ಪಟ್ಟಿಯಿಂದ ಪಾಠ ಕಲಿಸುವುದುಂಟು. ಆದರೆ ಅದು ಬಲ್ಲವರು ಅಳತೆಯಿಟ್ಟು ಮಾಡುವ ಕೆಲಸ. ನಮ್ಮ ಅಂಗಳದಲ್ಲಿ ಬೀಳುವ ಪೆಟ್ಟಿಗೆ ಅಳತೆ ಎಲ್ಲಿದೆ? ಬಹಳ ಸಲ ಅದು ಪಾಠವೂ ಅಲ್ಲ, ಎಲ್ಲಿಯದೋ ಸಿಟ್ಟು. ಹಗ್ಗ, ಬೇಲಿ, ಸಕಾಲದ ಕರೆ ಇವುಗಳಿಂದ ಆಗುವ ಕೆಲಸಕ್ಕೆ ಬಡಿಗೆ ಬೇಡ.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾನೂನು, ಪ್ರಾಣಿಯನ್ನು ಹೊಡೆದು ಹಿಂಸಿಸುವುದನ್ನೂ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದನ್ನೂ ಅಪರಾಧವೆಂದಿತು. ಮೊದಲ ಸಲಕ್ಕೆ ಅದು ಬರೆದ ದಂಡ 10ರಿಂದ 50 ರೂಪಾಯಿ. ಇಷ್ಟು ಹಗುರವಾದ ದಂಡಕ್ಕೆ ಅಂಜಿ ಯಾರೂ ಬಡಿಗೆ ಕೆಳಗಿಡಲಾರರು. ಆ ಕೆಲಸ ಧರ್ಮದಿಂದಲೇ ಆಗಬೇಕು.

ಬಸವಾದಿ ಶರಣರು ದಯೆಯನ್ನು ಧರ್ಮದ ಒಂದು ಅಂಗವೆಂದಲ್ಲ, ಅದರ ಬೇರು ಎಂದೇ ತಿಳಿದರು. ಸಕಲ ಜೀವಿಗಳೂ ಆ ದಯೆಯ ಪರಿಧಿಯೊಳಗೆ ಬಂದವು. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಹೇಳಿಸಿದರೆಂಬ ಕಥೆ ನಮ್ಮ ಪರಂಪರೆಯಲ್ಲಿದೆ. ಅದನ್ನು ಪವಾಡವೆಂದು ಕೇಳಿ ಕೈಮುಗಿದರೆ ಸಾಲದು. ಜನ ಕೀಳೆಂದು ಕಂಡ ಪ್ರಾಣಿಯನ್ನೂ ಶರಣರು ಕಲಿಯಬಲ್ಲ ಜೀವವೆಂದು ಕಂಡರು ಎಂಬುದನ್ನು ಅರಿಯಬೇಕು.

ಬಂಧುಗಳೇ, ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ನೋಡುತ್ತೇವೆ. ಪೂಜೆ ಮುಗಿದ ಮೇಲೆ ಅಂಗಳಕ್ಕೆ ಬಂದು ಬಡಿಗೆ ಎತ್ತಿದರೆ ಆ ಪೂಜೆ ಎಲ್ಲಿ ಜಮೆಯಾಯಿತು? ಮನೆಯ ಮಗು ಅದನ್ನು ನೋಡುತ್ತಿರುತ್ತದೆ. ತಿರುಗಿ ಮಾತಾಡಲಾರದವರ ಮೇಲೆ ಕೈ ಎತ್ತಬಹುದೆಂಬ ಪಾಠವನ್ನು ಅದು ಅಲ್ಲಿಯೇ ಕಲಿಯುತ್ತದೆ. ನಾಳೆ ಆ ಪಾಠ ಆಳಿನ ಮೇಲೆ, ಹೆಂಡತಿಯ ಮೇಲೆ, ಮುಪ್ಪಿನ ತಂದೆತಾಯಿಯ ಮೇಲೆ ಒಪ್ಪಿತವಾದೀತು.

ಶಿಸ್ತು ಬೇಡವೆಂದು ನಾವು ಹೇಳುವುದಿಲ್ಲ. ನಾಯಿ ಕರೆದಾಗ ಬಂದರೆ ಅದೇ ಗಳಿಗೆಯಲ್ಲಿ ರೊಟ್ಟಿಯ ತುಣುಕು ಕೊಡಿ. ತಡಮಾಡಿ ಕೊಟ್ಟರೆ ಏತಕ್ಕೆಂದು ಅದಕ್ಕೆ ತಿಳಿಯದು. ಮನೆಯವರೆಲ್ಲರೂ ಒಂದೇ ಶಬ್ದದಿಂದ ಕರೆಯಿರಿ. ತಪ್ಪಿದಾಗ ತಿನಿಸು ತಡೆಯಿರಿ, ಕೈ ಎತ್ತಬೇಡಿ. ಹದಿನೈದು ದಿನ ಹೀಗೆ ನಡೆಸಿ ನೋಡಿ. ನಾಯಿಗಿಂತ ಮೊದಲು ನಮ್ಮ ಕೈ ಪಳಗಿದರೆ ಅದೂ ಲಿಂಗಪೂಜೆಯ ಫಲವೇ.