ನಾಚಿಕೆಯ ತುಂಡು

ಪ್ರಾಜೆಕ್ಟ್ ಲೈವ್ ಆದ ಖುಷಿಗೆ ಮ್ಯಾನೇಜರ್ ನಮ್ಮ ಆರು ಜನರ ಟೀಮನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದರು. ಇಂಗ್ಲೆಂಡಿನ ರೆಡಿಂಗ್‌ನಿಂದ ಅರ್ಧ ಗಂಟೆ ದಾರಿ. ಹಳ್ಳಿಯಲ್ಲೊಂದು ಹಳೇ ಇನ್, ಒಳಗೆ ಸ್ಪ್ಯಾನಿಷ್ ತಪಾಸ್ ಹೋಟೆಲ್. ಲಂಡನ್–ಬಾತ್ ರಸ್ತೆಯಲ್ಲಿ 1784ರಿಂದ ಅಂಚೆ ಸಾರೋಟು ಓಡುತ್ತಿತ್ತು. ಕುದುರೆ ಬದಲಾಯಿಸೋಕೆ, ಪ್ರಯಾಣಿಕರು ಉಣ್ಣೋಕೆ ಮಲಗೋಕೆ ಇಂಥ ಇನ್‌ಗಳು ಬೇಕಿದ್ದವು. 1841ರಲ್ಲಿ ಬ್ರಿಸ್ಟಲ್‌ವರೆಗೂ ರೈಲು ಬಂತು, ಸಾರೋಟಿನ ಕಾಲ ಮುಗೀತು. ನಮಗೆ ಟೇಬಲ್ ಸಿಕ್ಕಿದ್ದು ಹಿಂದೆ ಕುದುರೆ ಲಾಯವಾಗಿದ್ದ ಜಾಗದಲ್ಲಿ.

ತಪಾಸ್ ಅಂದರೆ ಚಿಕ್ಕ ಚಿಕ್ಕ ತಟ್ಟೆಗಳು. ‘ತಪಾರ್’ ಅಂದರೆ ಮುಚ್ಚು ಅಂತ. ವೈನ್ ಲೋಟಕ್ಕೆ ನೊಣ ಬೀಳದಂತೆ ಬ್ರೆಡ್ ತುಂಡು ಮುಚ್ಚಿಡುತ್ತಿದ್ದರಂತೆ, ಹಾಗೊಂದು ಕಥೆ ಇದೆ. ಕೆಂಪು ಸಾಸ್ ಹಾಕಿದ ಆಲೂಗಡ್ಡೆ, ಉಪ್ಪು ಹಾಕಿ ಬಾಡಿಸಿದ ಹಸಿರು ಮೆಣಸಿನಕಾಯಿ, ಚೀಸ್ ತುಂಬಿ ಕರಿದ ಕ್ರೋಕೆಟಾ. ನಿನ್ನದು ನನ್ನದು ಅಂತಿಲ್ಲ, ಎಲ್ಲರ ಫೋರ್ಕೂ ಎಲ್ಲ ತಟ್ಟೆಗೆ. ಬಾಯಿಗಿಟ್ಟ ಫೋರ್ಕನ್ನೇ ಮತ್ತೆ ಅದ್ದುವುದು. ಎಂಜಲು ಅಂದರೆ ಮಾರು ದೂರ ಸರಿಯೋ ಮನೆಯಲ್ಲಿ ಬೆಳೆದ ನಾನೂ ಆರಾಮಾಗಿ ತಿಂದೆ.

ಕೊನೆಗೆ ಒಂದು ಕ್ರೋಕೆಟಾ ಉಳೀತು. ಯಾರೂ ಕೈ ಹಾಕಲಿಲ್ಲ. ಸ್ಪೇನಿನ ಸಹೋದ್ಯೋಗಿ ನಕ್ಕು, "ನಮ್ಮೂರಲ್ಲಿ ಇದಕ್ಕೆ ನಾಚಿಕೆಯ ತುಂಡು ಅಂತೀವಿ" ಅಂದಳು. ಕೊನೇದನ್ನು ತಗೊಳ್ಳೋಕೆ ಎಲ್ಲರಿಗೂ ನಾಚಿಕೆ ಅಲ್ವಾ, ಅದಕ್ಕೆ. ಎಲ್ಲರೂ ನಕ್ಕರು. ನನಗ್ಯಾಕೋ ಊರಿನ ಕೊಟ್ಟಿಗೆ ನೆನಪಾಯಿತು.

ನಮ್ಮ ಹೊಲದಲ್ಲಿ ನಾನು ಹುಟ್ಟುವ ಮೊದಲಿಂದ ದುಡಿದವರೊಬ್ಬರಿದ್ದಾರೆ. (ಇಲ್ಲಿ ‘ದುಡಿದವರು’ ಅಂತ ಬರೀತಿದ್ದೀನಿ. ಅಪ್ಪನಿಗಿಂತ ಹಿರಿಯರಾದ ಅವರನ್ನು ಊರಲ್ಲಿ ಇವತ್ತಿಗೂ ‘ಬಾರೋ’ ಅಂತಲೇ ಕರೆಯೋದು.) ಅವರ ಲೋಟ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರುತ್ತೆ. ಅಮ್ಮ ಮೇಲಿಂದ ಕಾಫಿ ಹುಯ್ಯುತ್ತಾಳೆ, ಕುಡಿದು ಅವರೇ ತೊಳೆದು ಮತ್ತೆ ಸಿಕ್ಕಿಸುತ್ತಾರೆ. ಕಳೆದ ಸಲ ಹೋದಾಗಲೂ "ಯಾವಾಗ ಬಂದ್ರಿ ಬುದ್ದೀ" ಅಂತ ಕೇಳುತ್ತಾ ಆ ಲೋಟ ಹಿಡಿದು ನಿಂತಿದ್ದರು. ನಾನು ಜಗಲಿ ಮೇಲೆ ಕೂತು ಕಾಫಿ ಕುಡೀತಾ ಉತ್ತರ ಕೊಟ್ಟೆ.

ಎಂಜಲನ್ನು ನಾನು ಬಿಟ್ಟಿದ್ದೀನಿ ಅಂದುಕೊಂಡಿದ್ದೆ. ಬಿಟ್ಟಿರೋದು ಯಾರ ಜೊತೆ? ಮ್ಯಾನೇಜರ್ ಜೊತೆ, ಕ್ಲೈಂಟ್ ಜೊತೆ. ಅವರ ಫೋರ್ಕು ನನ್ನ ತಟ್ಟೆಗೆ ಬಂದರೆ ನನಗೆ ಒಂಥರಾ ಹೆಮ್ಮೆ. ಹಾಗಾದರೆ ಇದು ಶುಚಿಯ ವಿಷಯ ಯಾವತ್ತೂ ಆಗಿರಲೇ ಇಲ್ಲ. ಯಾರ ಎಂಜಲು ಅನ್ನೋದಷ್ಟೇ ಲೆಕ್ಕ.

ಸಬೂಬು ನನ್ನ ಹತ್ತಿರವೂ ಇದೆ. ಅಮ್ಮ ಕೆಟ್ಟವಳಲ್ಲ, ಅವರಿಗೆ ಜ್ವರ ಬಂದರೆ ಗಂಜಿ ಕಳಿಸುವವಳು. ಅವಳಿಗೆ ನೋವು ಮಾಡಬೇಕಾ? ಎರಡು ದಿನಕ್ಕೆ ಊರಿಗೆ ಹೋಗುವವನಿಗೆ ಗಲಾಟೆ ಯಾಕೆ? ನಾನು ಫ್ಲೈಟ್ ಹತ್ತಿದ ಮೇಲೆ ಅದರ ಬಿಸಿ ತಟ್ಟೋದು ಅವರಿಗೇ ಅಲ್ವಾ? ಈ ಕೊನೇ ಪ್ರಶ್ನೆ ನಿಜವಾದದ್ದು, ಆದರೆ ಅದನ್ನು ಅವರನ್ನು ಕೇಳಿ ನೋಡಿದ್ದೀನಾ? ಇಲ್ಲ. ಆಫೀಸಿನಲ್ಲಿ ಸಮಾನತೆ ಬಗ್ಗೆ ಟ್ರೇನಿಂಗ್ ಇದ್ದಾಗ ಮಾತ್ರ ಮೊದಲು ಕೈ ಎತ್ತುವವನು ನಾನೇ.

ಮ್ಯಾನೇಜರ್ ಆ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ತಿಂದೆ, ಆರಿಹೋಗಿತ್ತು.

ದೀಪಾವಳಿಗೆ ಊರಿಗೆ ಟಿಕೆಟ್ ಆಗಿದೆ. ಈ ಸಲ ಕಾಫಿ ಲೋಟ ನಾನೇ ಒಳಗಿಂದ ತಂದು ಕೊಡಬೇಕು ಅಂತಿದ್ದೀನಿ. ಅಮ್ಮ ಅಡ್ಡ ನಿಂತರೆ ಏನು ಹೇಳೋದು, ಅವರೇ "ಬ್ಯಾಡಿ ಬುದ್ದೀ" ಅಂದುಬಿಟ್ಟರೆ ಏನು ಮಾಡೋದು ಅನ್ನೋದು ಇನ್ನೂ ಗೊತ್ತಾಗಿಲ್ಲ.