ನೀನು ಯಾರ ಕಡೆಯವಳು?

ಬೇಡಕಿಹಾಳದಂಥ ಗಡಿಯೂರುಗಳಲ್ಲಿ ಹೆಣ್ಣು ಕೊಡುವಾಗ, ತರುವಾಗ ರಾಜ್ಯದ ಗಡಿಯನ್ನು ಯಾರೂ ನೋಡುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ನೆಂಟಸ್ತನಗಳು ಮಾತ್ರ ಇದ್ದಲ್ಲಿಯೇ ಉಳಿದವು. ಇಚಲಕರಂಜಿ, ಮಿರಜ, ಕೊಲ್ಲಾಪುರದ ಕಡೆಯಿಂದ ಇಲ್ಲಿಗೆ ಸೊಸೆಯಂದಿರು ಬರುತ್ತಾರೆ, ಇಲ್ಲಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. ಎರಡು ಮನೆಗಳ ನಡುವೆ ಎಲ್ಲವೂ ಸರಿಯಿರುವವರೆಗೆ ಆಕೆ ಎರಡೂ ಮನೆಯ ಬೆಳಕು. ಜಗಳ ಹುಟ್ಟಿದ ದಿನ ಮಾತ್ರ ಇಬ್ಬರೂ ಆಕೆಯನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ನೀ ಯಾರ ಕಡಿಯಾಕಿ?"

ಈ ಪ್ರಶ್ನೆಗೆ ನ್ಯಾಯವಾದ ಉತ್ತರ ಇದೆಯೇ? ಅಥವಾ ಪ್ರಶ್ನೆಯೇ ಅನ್ಯಾಯದ್ದೇ?

ಇದನ್ನು ಯೋಚಿಸುವಾಗ ನಮಗೆ ಬಿಜಾಪುರದ ಚಾಂದ್ ಬೀಬಿ ನೆನಪಾಗುತ್ತಾಳೆ. ಆಕೆಯ ಹೆಸರಿನ ಚಾಂದ್ ಬಾವಡಿಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆಕೆಯನ್ನು ನಾವು ಖಡ್ಗ ಹಿಡಿದ ವೀರಮಹಿಳೆಯೆಂದು ಪಾಠಪುಸ್ತಕದಲ್ಲಿ ಓದಿದ್ದೇವೆ. ಆದರೆ ಆಕೆಯ ಬದುಕಿನ ನಿಜವಾದ ಕಷ್ಟ ಖಡ್ಗದ್ದಲ್ಲ, ಎರಡು ಮನೆಗಳದ್ದು.

ಚಾಂದ್ ಬೀಬಿ ಅಹ್ಮದನಗರದ ಹುಸೇನ್ ನಿಜಾಮ್ ಶಾಹನ ಮಗಳು. ಅಹ್ಮದನಗರ ಮತ್ತು ಬಿಜಾಪುರ ಹಳೆಯ ವೈರಿಗಳು. ಸೊಲ್ಲಾಪುರದ ಕೋಟೆಗಾಗಿ ಎರಡೂ ಕಡೆ ಎಷ್ಟೋ ರಕ್ತ ಹರಿದಿತ್ತು. 1565ರ ತಾಳಿಕೋಟೆ ಯುದ್ಧಕ್ಕೆ ಮುನ್ನ ಸುಲ್ತಾನರು ಒಂದಾದಾಗ, ಆ ಒಪ್ಪಂದಕ್ಕೆ ಮುದ್ರೆಯಾಗಿ ಆಕೆಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟರು. ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಂತು. ಅಂದರೆ ಎರಡು ಮನೆಗಳ ಸ್ನೇಹಕ್ಕೆ ಒತ್ತೆಯಾಗಿ ಹೋದವಳು ಆಕೆ. ಆದರೆ ಆ ಸ್ನೇಹ ಬಹಳ ಕಾಲ ಬಾಳಲಿಲ್ಲ.

1580ರಲ್ಲಿ ಅಲಿ ಆದಿಲ್ ಶಾಹ ಕೊಲೆಯಾದ. ಮಕ್ಕಳಿರಲಿಲ್ಲ. ಒಂಬತ್ತರ ಹರೆಯದ ಮೈದುನನ ಮಗ ಇಬ್ರಾಹಿಂ ಸಿಂಹಾಸನಕ್ಕೆ ಬಂದ. ಮುಂದೆ ಜಗದ್ಗುರು ಬಾದಶಹನೆಂದು ಹೆಸರಾದ ಆ ಹುಡುಗನನ್ನು ಸಾಕಿ ಬೆಳೆಸಿದವಳು ಚಾಂದ್ ಬೀಬಿ. ಅದೇ ಹೊತ್ತಿಗೆ ಅಹ್ಮದನಗರದ ಸೈನ್ಯ ಬಿಜಾಪುರದ ಮೇಲೆ ಬಂತು. ಅದನ್ನು ಕಳಿಸಿದವನು ಆಕೆಯ ಸ್ವಂತ ಸೋದರ ಮುರ್ತಜಾ. ಆಗ ಅಧಿಕಾರ ಹಿಡಿದಿದ್ದ ಕಿಶ್ವರ್ ಖಾನ್ ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಸೋದರನೊಂದಿಗೆ ಒಳಸಂಚು ನಡೆಸಿದ್ದಾಳೆಂಬುದು ಆಪಾದನೆ. ತವರಿನ ಮಗಳೆಂಬುದೇ ಅದಕ್ಕೆ ಸಾಕಷ್ಟು ಸಾಕ್ಷಿಯಾಗಿತ್ತು. ಸೆರೆಯಿಂದ ಬಿಡುಗಡೆಯಾಗಿ ಬಂದ ಮೇಲೂ ಆಕೆ ತವರಿಗೆ ಓಡಲಿಲ್ಲ. ಮುತ್ತಿಗೆಗೆ ಸಿಕ್ಕ ಬಿಜಾಪುರದಲ್ಲಿ, ಆ ಹುಡುಗನ ಪಕ್ಕದಲ್ಲಿ ನಿಂತಳು.

ಹದಿನೈದು ವರ್ಷಗಳ ನಂತರ ತಕ್ಕಡಿ ತಿರುಗಿತು. 1595ರಲ್ಲಿ ಅಹ್ಮದನಗರದ ದೊರೆ, ಆಕೆಯ ಸೋದರನ ಮಗ, ಯುದ್ಧದಲ್ಲಿ ಸತ್ತ. ಆತ ಸತ್ತದ್ದು ಬಿಜಾಪುರದ ಸೈನ್ಯದೊಂದಿಗಿನ ಕಾಳಗದಲ್ಲಿ. ತಾನು ಸಾಕಿದ ಮಗನ ಸೈನ್ಯದ ಕೈಯಲ್ಲಿ ತನ್ನ ತವರಿನ ಕುಡಿ ಹೋಯಿತು. ಅಹ್ಮದನಗರದ ಸರದಾರರು ನಾಲ್ಕು ಪಂಗಡಗಳಾಗಿ ಒಡೆದರು. ಒಬ್ಬ ಸರದಾರ ಮೊಘಲರನ್ನೇ ಕರೆದ. ಚಾಂದ್ ಬೀಬಿ ಸತ್ತವನ ಪುಟ್ಟ ಮಗ ಬಹಾದುರನ ಪಕ್ಷ ಹಿಡಿದು ಕೋಟೆಯ ಹೊಣೆ ಹೊತ್ತಳು. ಮೊಘಲರು ಸುರಂಗ ಸಿಡಿಸಿ ಗೋಡೆ ಒಡೆದಾಗ ಮುಸುಕು ಹಾಕಿಕೊಂಡೇ ಖಡ್ಗ ಹಿಡಿದು ಬಂದು, ರಾತ್ರೋರಾತ್ರಿ ಗೋಡೆ ಕಟ್ಟಿಸಿದಳು. ನೆರವಿಗೆ ಸೈನ್ಯ ಕಳಿಸಿದವನು ಬಿಜಾಪುರದ ಇಬ್ರಾಹಿಂ. 1596ರಲ್ಲಿ ಬೇರಾರ್ ಪ್ರಾಂತವನ್ನು ಬಿಟ್ಟುಕೊಟ್ಟು ಆಕೆ ಸಂಧಿ ಮಾಡಿಕೊಂಡಳು. ಬಹಾದುರ ದೊರೆಯಾಗಿ ಉಳಿದ.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಮೊದಲು ತವರಿನ ವಿರುದ್ಧ ಗಂಡನ ಮನೆ, ಆಮೇಲೆ ಗಂಡನ ಮನೆ ಬಿಟ್ಟು ತವರು. ಇದಕ್ಕೆ ನಿಷ್ಠೆಯೆನ್ನಬಹುದೇ? ಕೋಟೆಯನ್ನು ನೋಡಿದರೆ ಹಾಗೆಯೇ ಕಾಣುತ್ತದೆ. ಕೋಟೆಯ ಒಳಗೆ ಯಾರಿದ್ದರು ಎಂದು ನೋಡಿದರೆ ಬೇರೆಯೇ ಕಾಣುತ್ತದೆ. ಎರಡು ಕಡೆಯೂ ತಂದೆಯಿಲ್ಲದ ಒಬ್ಬ ಹುಡುಗ, ಪರಸ್ಪರ ಕಚ್ಚಾಡುವ ಸರದಾರರು, ಮುತ್ತಿಗೆಗೆ ಸಿಕ್ಕ ಒಂದು ಊರು. ಆಕೆ ಬದಲಾಯಿಸಿದ್ದು ಗೋಡೆಯನ್ನು, ಹೊಣೆಯನ್ನಲ್ಲ.

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಪ್ರಾಚೀನ ಚೀನಾದ ಇತಿಹಾಸ ಗ್ರಂಥ 'ಜುವೋ ಜುವಾನ್' ಇಂಥ ಹೆಣ್ಣುಮಕ್ಕಳನ್ನು ನೆನೆಯುತ್ತದೆ. ಕ್ರಿಸ್ತಪೂರ್ವ 645ರಲ್ಲಿ ಚಿನ್ ರಾಜ್ಯದ ದೊರೆ ಜಿನ್ ರಾಜ್ಯದ ದೊರೆಯನ್ನು ಯುದ್ಧದಲ್ಲಿ ಸೆರೆಹಿಡಿದ. ಗೆದ್ದವನು ಆಕೆಯ ಗಂಡ, ಸೋತವನು ಸೋದರ. ರಾಣಿ ತನ್ನ ಮಕ್ಕಳೊಂದಿಗೆ ಸೌದೆಯ ಮೇಲೆ ನಿಂತು, ಸೋದರನನ್ನು ಸೆರೆಯಾಳಾಗಿ ರಾಜಧಾನಿಗೆ ತಂದರೆ ಬೆಂಕಿಗೆ ಬೀಳುವೆನೆಂದಳು. ಸೋದರ ಬದುಕಿಕೊಂಡ. ಜೆಂಗ್ ರಾಜ್ಯದ ಇನ್ನೊಬ್ಬಳಿಗೆ ಆ ಭಾಗ್ಯವೂ ಇರಲಿಲ್ಲ. ತನ್ನ ತಂದೆಯನ್ನು ಕೊಲ್ಲಲು ಗಂಡ ಹೊಂಚುಹಾಕಿದ್ದು ತಿಳಿದು ಯಾರು ದೊಡ್ಡವರೆಂದು ತಾಯಿಯನ್ನು ಕೇಳಿದಳು. ತಂದೆಯೇ ಎಂದು ತಾಯಿ ಹೇಳಿದಳು. ಮಗಳು ತಂದೆಗೆ ತಿಳಿಸಿದಳು. ಗಂಡ ಸತ್ತ. ರಕ್ತಸಂಬಂಧವೇ ದೊಡ್ಡದೆಂಬ ಲೆಕ್ಕ ಒಂದು ಜೀವ ಉಳಿಸಿ ಇನ್ನೊಂದನ್ನು ತೆಗೆಯಿತು. ಆದರೆ ಆ ಲೆಕ್ಕಕ್ಕೆ ಆಕೆಯನ್ನು ದೂಡಿದವರು ಕತ್ತಿ ಮಸೆದ ಗಂಡಸರೇ.

ಚಾಂದ್ ಬೀಬಿಯ ಕೊನೆಯೂ ಇದನ್ನೇ ಹೇಳುತ್ತದೆ. 1600ರಲ್ಲಿ ಮೊಘಲರು ಮತ್ತೆ ಅಹ್ಮದನಗರವನ್ನು ಮುತ್ತಿದರು. ಈ ಸಲ ಕೋಟೆ ಉಳಿಯದೆಂದು ಆಕೆಗೆ ಕಂಡಿತು. ಒಳಗಿದ್ದವರ ಜೀವಕ್ಕೆ ಅಭಯ ಪಡೆದು ಕೋಟೆ ಬಿಟ್ಟುಕೊಟ್ಟು, ಬಾಲದೊರೆಯೊಂದಿಗೆ ಜುನ್ನರಿಗೆ ಹೋಗುವುದೇ ಲೇಸೆಂದಳು. ಹಮೀದ್ ಖಾನ್ ಎಂಬ ಅಧಿಕಾರಿ ಬೀಬಿ ಮೊಘಲರಿಗೆ ಮಾರಿಕೊಂಡಳೆಂದು ಬೀದಿಯಲ್ಲಿ ಕೂಗಿದ. ಆಕೆ ಕಾಪಾಡಿದ ಜನರೇ ಒಳನುಗ್ಗಿ ಆಕೆಯನ್ನು ಕೊಂದರು. ಕೋಟೆ ಅದೇ ವರ್ಷ ಬಿತ್ತು. ಬಹಾದುರ ಗ್ವಾಲಿಯರಿನ ಸೆರೆಗೆ ಹೋದ. ಬಿಜಾಪುರದಲ್ಲಿ ಅಹ್ಮದನಗರದವಳೆಂದು ಅನುಮಾನ, ಅಹ್ಮದನಗರದಲ್ಲಿ ಮೊಘಲರ ಕಡೆಯವಳೆಂದು ಅನುಮಾನ. ಎರಡು ಮನೆ ಕಂಡವಳನ್ನು ಅನುಮಾನಿಸುವುದು ಎಷ್ಟು ಸುಲಭ!

ನಮ್ಮ ಊರುಗಳಲ್ಲಿ ಈಗ ಕೋಟೆಗಳಿಗೆ ಮುತ್ತಿಗೆಯಿಲ್ಲ. ಹೊಲದ ಪಾಲಿನ ಜಗಳಗಳಿವೆ. ಶರೀಅತ್ತು ಹೆಣ್ಣುಮಗಳ ಪಾಲನ್ನು ಮೊದಲೇ ನಿಗದಿಗೊಳಿಸಿದೆ. 2005ರ ತಿದ್ದುಪಡಿ ಹಿಂದೂ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೂ ತಮ್ಮ ಹಕ್ಕುಬಿಡುಗಡೆ ಪತ್ರ ಹಿಡಿದು ಬರುತ್ತಾನೆ: "ಅಕ್ಕಾ, ಸಹಿ ಮಾಡು." ಗಂಡ ಒಳಗಿನಿಂದ ಹೇಳುತ್ತಾನೆ: "ಸಹಿ ಮಾಡಿದಿ ಅಂದ್ರ ತವರಿಗೇ ಹೋಗು." ಆ ಪಾಲು ತಮ್ಮನದೂ ಅಲ್ಲ, ಗಂಡನದೂ ಅಲ್ಲ, ಆಕೆಯದೇ ಎಂಬುದು ಇಬ್ಬರಿಗೂ ನೆನಪಿರುವುದಿಲ್ಲ. ಆ ಹೊಲದ ಮೇಲೆಯೇ ಬದುಕುವ ಮುಪ್ಪಿನ ತಾಯಿ, ಓದುತ್ತಿರುವ ತನ್ನ ಮಕ್ಕಳು, ಯಾರ ಹೊಣೆ ಎಷ್ಟೆಂದು ಅಳೆದು ನೋಡಬಲ್ಲವಳೂ ಆಕೆಯೇ. ಅದಕ್ಕೆ ಮಾತ್ರ ಯಾರೂ ಬಿಡುವುದಿಲ್ಲ.

ನಿಷ್ಠೆಯೆಂದರೆ ಒಂದು ಮನೆಯ ಬಾಗಿಲಲ್ಲಿ ನಿಂತು ಇನ್ನೊಂದಕ್ಕೆ ಕಲ್ಲು ಎಸೆಯುವುದಲ್ಲ. ನಮ್ಮನ್ನು ನಂಬಿ ಕುಳಿತವರನ್ನು ಕೈಬಿಡದಿರುವುದು. ಈ ಅಳತೆಯಲ್ಲಿ ಚಾಂದ್ ಬೀಬಿ ಯಾರಿಗೂ ದ್ರೋಹ ಮಾಡಲಿಲ್ಲ. ದ್ರೋಹವೆಂದು ಕೂಗಿದವರಿಂದಲೇ ಕೋಟೆ ಹೋಯಿತು.

ಮುಂದಿನ ಸಲ ನಮ್ಮ ಮನೆಯ ಮಗಳನ್ನೋ ಸೊಸೆಯನ್ನೋ "ನೀನು ಯಾರ ಕಡೆಯವಳು?" ಎಂದು ಕೇಳುವ ಮುನ್ನ, ಆಕೆಗೆ ಎರಡು ಕಡೆಗಳು ಉಂಟಾಗುವಂತೆ ಮಾಡಿದವರು ಯಾರೆಂದು ನಮ್ಮನ್ನು ನಾವು ಕೇಳಿಕೊಳ್ಳೋಣ.